ಗ್ಯಾನಪ್ಪನ ಬದಲು ಇಳಿದ ಉಸುಕಿನ ಚೀಲಗಳು

ಗಿಣಿಗೇರಾದ ಗ್ಯಾನಪ್ಪ ಇಪ್ಪತ್ತಾರು ವರ್ಷ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡಿದವನು. ಅವನು ಮೂರು ವರ್ಷದ ರಜೆಗಳನ್ನೆಲ್ಲ ಸುರಿದು, ಒಬ್ಬರು ಕೂರಬಹುದಾದ ಪುಟ್ಟ ಜಲಾಂತರ್ಗಾಮಿ ಕಟ್ಟಿದ. ಊರಾಚೆಯ ಹಳೆ ಕಲ್ಲುಕ್ವಾರಿಯ ನೀರಿನಲ್ಲಿ ನಾಲ್ಕಾಳು ಆಳಕ್ಕೆ ಇಳಿದು ನೋಡಿ ಬರಬೇಕು, ಅಷ್ಟೇ ಅವನ ಆಸೆ.

ಅವಸರದ ಮನುಷ್ಯನಲ್ಲ ಅವನು. ಬಾಗಿಲನ್ನು ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವಂತೆ ಮಾಡಿದ್ದ. ಮೋಟಾರು ಕೆಟ್ಟರೆ ಒಳಗಿನ ಹಿಡಿ ತಿರುವಿದರಾಯಿತು, ಅಡಿಯಲ್ಲಿ ಕಟ್ಟಿದ ಕಬ್ಬಿಣದ ತೂಕ ಕಳಚಿಬಿದ್ದು ಜಲಾಂತರ್ಗಾಮಿ ತಾನೇ ಮೇಲೆ ತೇಲುತ್ತಿತ್ತು. ಹಿಂದಿನ ವಾರವಷ್ಟೇ ಅದನ್ನು ಒಳಗೆ ಯಾರೂ ಇಲ್ಲದೆ ಎಂಟಾಳು ಆಳಕ್ಕೆ ಇಳಿಸಿದ್ದ. ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ.

ಇಳಿಯುವ ಭಾನುವಾರ ಬಂತು. ಪೂಜೆಗೆ ಮುಂಚೆ, ಆಯುಧಪೂಜೆಗೆ ಯಂತ್ರಗಳನ್ನು ಒರೆಸುವ ರೂಢಿಯಂತೆ, ಪೇಂಟಿಗೆ ಬೆರೆಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲವನ್ನೂ ತಿಕ್ಕಿದ. ಗಾಜಿನಂತೆ ಕಾಣುವ, ಹೆಬ್ಬೆರಳು ದಪ್ಪದ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಕಿಟಕಿಯನ್ನೂ ತಿಕ್ಕಿದ. ವಿಭೂತಿ ಹಚ್ಚಲು ಬಂದ ಹೆಂಡತಿ ಫಕೀರಮ್ಮ ಬಗ್ಗಿ ನೋಡಿದಳು.

"ಏನ್ರಿ, ಇದರಾಗ ಕೂದಲಂಥ ಗೆರಿ ಮೂಡ್ಯಾವಲ್ಲ."

"ಬಟ್ಟಿ ಗೀರಿರಬೇಕು."

"ಉಗುರು ಹಚ್ಚಿ ನೋಡೀನಿ. ಮ್ಯಾಲಿಲ್ಲ, ಒಳಗದಾವ."

ಕ್ವಾರಿಯ ದಂಡೆಯಲ್ಲಿ ಅರ್ಧ ಊರು ನೆರೆದಿತ್ತು. ಬಾಗಿಲೊಳಗೆ ಒಂದು ಕಾಲಿಟ್ಟ ಗ್ಯಾನಪ್ಪ ಅದನ್ನು ಮೆಲ್ಲಗೆ ಹೊರಗೆ ತೆಗೆದ. ಕ್ರೇನ್ ಓಡಿಸುವ ಗೆಳೆಯ ನೂರಸಾಬನಿಗೆ ಹೇಳಿದ: "ನನ್ನ ತೂಕದಷ್ಟು ಉಸುಕಿನ ಚೀಲ ಇಡು. ಇನ್ನೊಮ್ಮೆ ನನ್ನ ಬಿಟ್ಟು ಇಳಸೋಣು."

"ಹ್ವಾದ ವಾರ ಪಾಸಾಗೇತಲ್ಲೋ ಮಾರಾಯ."

"ಹ್ವಾದ ವಾರ ಥಿನ್ನರ್ ಹಚ್ಚಿದ್ದಿಲ್ಲ. ಅದು ತಾಗಿ ಕಿಟಕಿ ಒಳಗ ಬಿರ್ತಿರಬೇಕು."

ದಂಡೆಯಿಂದ ಯಾರೋ ಕೂಗಿದರು: "ಗ್ಯಾನಪ್ಪಣ್ಣ, ಹಾರ ಆ ಚೀಲಕ್ಕ ಹಾಕ್ರಿ. ನಿಮಗಿಂತ ಅದಕ್ಕ ಧೈರ್ಯ ಐತಿ." ಜನ ನಕ್ಕರು. ಗ್ಯಾನಪ್ಪ ತಲೆ ಎತ್ತದೆ ಚೀಲಗಳನ್ನು ಒಂದೊಂದಾಗಿ ಸೀಟಿನ ಮೇಲೆ ಜೋಡಿಸಿದ.

ಹಗ್ಗದ ಮೇಲಿನ ಗುರುತು ಎಣಿಸುತ್ತ ನೂರಸಾಬ ಇಳಿಸಿದ. ಮೂರಾಳು ದಾಟುತ್ತಿದ್ದಂತೆ ದೊಡ್ಡದೊಂದು ಗುಳ್ಳೆ ಮೇಲೆ ಬಂದು ಒಡೆಯಿತು. ಹಿಂದೆಯೇ ಗುಳ್ಳೆಗಳ ಸಾಲು ಎದ್ದಿತು. ಎಳೆದು ತೆಗೆದಾಗ ಕಿಟಕಿ ಅಡ್ಡಡ್ಡ ಸೀಳಿತ್ತು, ಅದರಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಫಕೀರಮ್ಮ ತೊಯ್ದ ಚೀಲದ ಮೇಲೆ ಕೈ ಇಟ್ಟಳು.

ಹೊಸ ಕಿಟಕಿ ಬರಲು ಎರಡು ತಿಂಗಳು ಹಿಡಿಯಿತು. ಈ ಸಲ ಗ್ಯಾನಪ್ಪ ಕ್ರಮವನ್ನೇ ಬದಲಿಸಿದ: ಮೊದಲು ಪೂಜೆ, ಆಮೇಲೆ ಪರೀಕ್ಷೆ. ಪರೀಕ್ಷೆ ಮುಗಿದ ಮೇಲೆ ತಾನು ಇಳಿದು ಬರುವ ತನಕ ಕಿಟಕಿಗೆ ಯಾರ ಕೈಯೂ ತಾಗಕೂಡದು. ತನ್ನದೂ ಸಹ.