ಮೂವತ್ತೊಂದನೇ ಪುಟದೊಂದಿಗೆ ಉಳ್ಳಾರ್ತಿ ಕಾವಲಿಗೆ

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹೋಗುವ ಬೆಳಗಿನ ಆರೂವರೆಯ ಬಸ್ಸನ್ನು ನಾನೂ ಅವ್ವನೂ ಹತ್ತಿದೆವು. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಎರಡು ಟಿಕೆಟ್ ಪಡೆದೆವು. ಆಷಾಢದ ಗಾಳಿ ಬಸ್ಸಿನ ಕಿಟಕಿಗಳನ್ನು ಒಂದೇ ಸಮನೆ ಬಡಿಯುತ್ತಿತ್ತು. ಮೋಡವಿತ್ತು, ಮಳೆ ಇರಲಿಲ್ಲ.

ಹೊರಟಿದ್ದು ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಬದಿಯಲ್ಲಿರುವ ರಾಷ್ಟ್ರೀಯ ಸಂಶೋಧನಾ ಸಂಸ್ಥೆಗೆ. ಮೂಲವಿಜ್ಞಾನ ಮತ್ತು ಗಣಿತ ಬಿಟ್ಟು ಅಲ್ಲಿ ಬೇರೇನೂ ನಡೆಯುವುದಿಲ್ಲ. ಗಣಿತದಲ್ಲಿ ಪಿಎಚ್.ಡಿ. ಮಾಡಲು ಐದು ಕಡೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆದವರು ಇವರೊಬ್ಬರೇ. ಅರ್ಜಿಯ ಜೊತೆ ನನ್ನ ಎಂ.ಎಸ್ಸಿ. ಪ್ರಬಂಧವನ್ನೂ ಕಳುಹಿಸಿದ್ದೆ. ಕರೆ ಬಂದದ್ದು ಆ ಪ್ರಬಂಧದ ಬಲದಿಂದ ಎಂದು ನಂಬಿದ್ದೆ.

ಬಿ.ಜಿ. ಕೆರೆಯಲ್ಲಿ ಬಸ್ಸು ತುಂಬಿತು. ನಾನು ಪ್ರಬಂಧ ತೆಗೆದು ಕೊನೆಯ ಬಾರಿ ಓದುತ್ತಾ ಕುಳಿತೆ. ತಳಕು ದಾಟಿದ ಮೇಲೆ, ಮೂವತ್ತೊಂದನೇ ಪುಟದ ನಾಲ್ಕನೇ ಸಾಲಿನಲ್ಲಿ ಕಣ್ಣು ನಿಂತಿತು. ಅದನ್ನು ನೂರು ಸಲವಾದರೂ ಓದಿದ್ದೇನೆ. ಈ ಸಲ ಅದು ತಪ್ಪಾಗಿತ್ತು. ನನ್ನ ಮುಖ್ಯ ಪ್ರಮೇಯದ ಸಾಧನೆ ನಿಂತಿದ್ದು ಆ ಸಾಲಿನ ಮೇಲೆ. ಮಾರ್ಗದರ್ಶಕರೂ ನೋಡಿರಲಿಲ್ಲ, ಪರೀಕ್ಷಕರೂ ನೋಡಿರಲಿಲ್ಲ.

"ಏನಾಯ್ತು? ಮುಖ ಹಿಂಗ್ಯಾಕೈತೆ?" ಅವ್ವ ಕೇಳಿದಳು.

ಮೊದಲು ಏನಿಲ್ಲ ಎಂದೆ. ಎರಡನೇ ಸಲ ಕೇಳಿದಾಗ ಹೇಳಿದೆ. ನಮ್ಮದು ಪಂಪು, ಪೈಪಿನ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಗಲ್ಲಾದ ಮೇಲೆ ಕೂರುವವಳು ಅವ್ವ. ಆದ್ದರಿಂದ ಪೈಪಿನ ಲೆಕ್ಕದಲ್ಲೇ ವಿವರಿಸಿದೆ. ಪ್ರತಿ ಬೋರ್‌ವೆಲ್ಲಿಗೂ ಸಾಕಾಗುವ ಪೈಪು ಒಂದಿದೆ ಎಂದು ತೋರಿಸಿ, ಅಷ್ಟರಿಂದಲೇ ಎಲ್ಲ ಬೋರ್‌ವೆಲ್ಲಿಗೂ ಸಾಕಾಗುವ ಒಂದೇ ಪೈಪು ಇದೆ ಎಂದು ಬರೆದುಬಿಟ್ಟಿದ್ದೇನೆ.

"ಎಲ್ಲಕ್ಕಿಂತ ಆಳದ ಬೋರಿಂದು ಅಳತೆ ತಗಂಡ್ರೆ ಆಯ್ತಪ್ಪ. ಎಲ್ಲಕ್ಕೂ ಆಗ್ತೈತೆ."

"ಬೋರು ಮುಗಿಯೋದೇ ಇಲ್ಲವ್ವ. ಒಂದಕ್ಕಿಂತ ಒಂದು ಆಳ."

"ಅಂಥಾ ಊರಿಗೆ ನಾವು ಪೈಪು ಮಾರಾಕೆ ಹೋಗಲ್ಲ ಬಿಡು." ಆಮೇಲೆ ದನಿ ತಗ್ಗಿಸಿದಳು. "ಯಾರಾದ್ರೂ ನೋಡ್ಯಾರಾ?"

"ಗೊತ್ತಿಲ್ಲ."

"ಹಂಗಾದ್ರೆ ಕೇಳೋ ತಂಕ ಸುಮ್ನಿರು. ನೀನಾಗೇ ಹೋಗಿ ಪಂಚಾಯ್ತಿ ಕರೀಬೇಡ."

ಚಳ್ಳಕೆರೆ ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಗೊಂಡೆವು. ಅವ್ವ ತಿಂದಳು. ನಾನು ಆ ಪುಟವನ್ನೇ ಮತ್ತೆ ತೆರೆದೆ. ಮುನ್ನೂರು ರೂಪಾಯಿಗೆ ಒಂದು ಆಟೋ ಒಪ್ಪಿತು. ಎಣ್ಣೆ ಮಿಲ್ಲುಗಳ ವಾಸನೆ ಹಿಂದೆ ಸರಿದು ಕಾವಲಿನ ಹುಲ್ಲು ಶುರುವಾಯಿತು. ರಸ್ತೆಯುದ್ದಕ್ಕೂ ಬೇಲಿ, ಗೋಡೆ, ಮತ್ತೆ ಬೇಲಿ.

ಚಾಲಕ ನಡುವಯಸ್ಸಿನವರು. "ಬೇಟಿ, ಇದ್ರಾಗೆ ಬಾಂಬು ಮಾಡ್ತಾರಂತೆ ಹೌದಾ?" ಎಂದರು.

"ನಾವು ಹೋಗೋ ಕಡೆ ಬರೀ ಗಣಿತ, ವಿಜ್ಞಾನ."

"ಗಣಿತಕ್ಕೆ ಇಷ್ಟುದ್ದ ಕಾಂಪೌಂಡಾ? ಕದಿಯಾಕೆ ಏನೈತೆ ಅದ್ರಾಗೆ?"

ಅವ್ವ ನಕ್ಕಳು. ನಾನು ನಾಲ್ಕನೇ ಸಾಲನ್ನು ಯೋಚಿಸುತ್ತಿದ್ದೆ.

ಗೇಟಿನಲ್ಲಿ ಹೆಸರು ನೋಡಿ ನನ್ನನ್ನು ಮಾತ್ರ ಒಳಗೆ ಬಿಟ್ಟರು. ಅವ್ವ ಗೇಟಿನ ಪಕ್ಕದ ಕಾಯುವ ಕೋಣೆಯಲ್ಲಿ ಉಳಿದಳು. ಒಳಗೆ ಎರಡಂತಸ್ತಿನ ಬಿಳಿ ಕಟ್ಟಡಗಳು, ಗಾಳಿಗೆ ಬಾಗಿದ ಬೇವಿನ ಸಸಿಗಳು. ಕಾರಿಡಾರಿನ ಗೋಡೆಗಳಿಗೆಲ್ಲ ಕರಿಹಲಗೆ ಹಾಕಿದ್ದರು. ಕೆಲವು ತುಂಬಿದ್ದವು, ಕೆಲವು ಅರ್ಧಕ್ಕೆ ನಿಂತಿದ್ದವು. ಬರೆದದ್ದನ್ನು ಇನ್ನೊಬ್ಬರಿಗೆ ಜಾಗ ಬೇಕಾಗುವವರೆಗೆ ಯಾರೂ ಅಳಿಸುವುದಿಲ್ಲವಂತೆ, ಅದು ಅಲ್ಲಿನ ಪದ್ಧತಿ. ದಾರಿ ತೋರಿಸಿದ ಕಚೇರಿಯವರು ಹೇಳಿದರು. ನನ್ನ ಸರದಿ ಬಂದಾಗ ಹನ್ನೊಂದೂ ಇಪ್ಪತ್ತು.

ಮೂವರಿದ್ದರು. ಮಧ್ಯದಲ್ಲಿ ಬೆಳ್ಳಿಕೂದಲಿನ ಒಬ್ಬ ಪ್ರಾಧ್ಯಾಪಕಿ, ಆಚೀಚೆ ಇಬ್ಬರು ಗಂಡಸರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. "ನಿಮ್ಮ ಪ್ರಬಂಧದ ಮುಖ್ಯ ಪ್ರಮೇಯ ಹೇಳಿ" ಎಂದರು ಪ್ರಾಧ್ಯಾಪಕಿ. ಪ್ರಬಂಧದ ಪ್ರತಿ ಅವರ ಮುಂದಿತ್ತು. ಯಾವ ಪುಟಕ್ಕೂ ಗುರುತಿಗೆಂದು ಚೀಟಿ ಅಂಟಿಸಿರಲಿಲ್ಲ; ತಪ್ಪು ಅವರ ಕಣ್ಣಿಗೆ ಬಿದ್ದಂತಿರಲಿಲ್ಲ.

ಪ್ರಮೇಯ ಹಲಗೆಯ ಮೇಲೆ ಬರೆದೆ. ಸಾಧನೆಯ ಮೊದಲ ಹೆಜ್ಜೆ ಬರೆದೆ, ಎರಡನೆಯದನ್ನೂ ಬರೆದೆ. ಮೂರನೆಯದು ಆ ನಾಲ್ಕನೇ ಸಾಲು. ಸುಮ್ಮನೆ ಬರೆದುಬಿಡಬಹುದಿತ್ತು. ಬರೆದೆ, ಅದರ ಕೆಳಗೆ ಗೆರೆಯನ್ನೂ ಎಳೆದೆ. "ಇದು ತಪ್ಪು" ಎಂದೆ.

ಎಡಗಡೆಯವರು ಪುಟ ತಿರುವಿದರು. ಪ್ರಾಧ್ಯಾಪಕಿ ಕೇಳಿದರು, "ಯಾವಾಗ ಗೊತ್ತಾಯಿತು?"

"ಇವತ್ತು ಬೆಳಿಗ್ಗೆ, ಬಸ್ಸಿನಲ್ಲಿ."

ಬಲಗಡೆಯವರು ಚಿತ್ರದುರ್ಗದ ಕಡೆಯವರಿರಬೇಕು. ಕನ್ನಡದಲ್ಲೇ "ಯಾವ ಊರು ದಾಟಿದ ಮೇಲೆ?" ಎಂದರು. ತಳಕು ಎಂದೆ. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

ಆ ಹೆಜ್ಜೆ ಮುರಿಯುವ ಒಂದು ಉದಾಹರಣೆ ಕೊಡಿ ಎಂದರು. ಕೊಟ್ಟೆ. ಆಮೇಲೆ ಪ್ರಾಧ್ಯಾಪಕಿ ಕೇಳಿದ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. "ಸಾಧನೆ ತಪ್ಪು, ಸರಿ. ಪ್ರಮೇಯವೂ ತಪ್ಪೇ?"

ಬಸ್ಸಿನಿಂದ ಇಲ್ಲಿಯವರೆಗೆ ಮರ್ಯಾದೆಯ ಬಗ್ಗೆಯಷ್ಟೇ ಹೆದರಿದ್ದೆ. ಇದನ್ನು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲ" ಎಂದೆ. ಹಾಗಾದರೆ ನೋಡೋಣ ಎಂದು ಅವರೂ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡರು. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಒಂದು ದಾರಿ ಹಿಡಿದೆವು, ಅದು ಮುಚ್ಚಿತು. ಇನ್ನೊಂದು ಹಿಡಿದೆವು, ಅರ್ಧಕ್ಕೆ ನಿಂತಿತು. ಕೊನೆಗೆ ಗಡಿಯಾರ ನೋಡಿ, ಫಲಿತಾಂಶ ಹದಿನೈದು ದಿನದಲ್ಲಿ ಇಮೇಲಿಗೆ ಬರುತ್ತದೆ ಎಂದರು. ಮುಖದಲ್ಲಿ ಹೌದೂ ಕಾಣಲಿಲ್ಲ, ಇಲ್ಲವೂ ಕಾಣಲಿಲ್ಲ.

ಊಟಕ್ಕೆ ಅನ್ನ, ಸಾರು, ಬೀನ್ಸ್ ಪಲ್ಯವಿತ್ತು. ಮುಗಿಸಿ ಹೊರಡುವಾಗ ಅದೇ ಕೋಣೆಯ ಮುಂದೆ ಹಾದುಹೋದೆ. ಬಾಗಿಲು ತೆರೆದಿತ್ತು. ನನ್ನ ಬರಹ ಹಾಗೆಯೇ ಇತ್ತು, ಗೆರೆಯ ಸಮೇತ. ಅದರ ಮುಂದೆ ನನ್ನದೇ ವಯಸ್ಸಿನ ಇಬ್ಬರು ವಿದ್ಯಾರ್ಥಿನಿಯರು ನಿಂತಿದ್ದರು. ಒಬ್ಬಳು ನಾವು ನಿಲ್ಲಿಸಿದ ಕಡೆ ಬೆರಳಿಟ್ಟು ಏನೋ ಹೇಳುತ್ತಿದ್ದಳು. ಇನ್ನೊಬ್ಬಳು ತಲೆಯಾಡಿಸಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ನಾನು ಬೇಗ ಬೇಗ ನಡೆದೆ.

ಗೇಟಿನಲ್ಲಿ ಅವ್ವ ಎದ್ದು ನಿಂತಳು. "ಸುಮ್ನಿದ್ಯಾ?"

"ಇಲ್ಲ. ನಾನೇ ಹೇಳ್ದೆ."

"ನನ್ ಮಾತು ಯಾವಾಗ ಕೇಳಿದ್ದೀಯ ನೀನು! ಬೈದ್ರಾ?"

"ಬೈಲಿಲ್ಲ. ಮುಕ್ಕಾಲು ಗಂಟೆ ಜೊತೆಗೆ ನಿಂತು ಲೆಕ್ಕ ಮಾಡಿದ್ರು."

"ಹಂಗಾದ್ರೆ ಸೀಟು ಕೊಡ್ತಾರೆ. ಬ್ಯಾಡದವ್ರ ಜೊತೆ ಯಾರು ಅಷ್ಟೊತ್ತು ನಿಲ್ತಾರೆ?"

"ಅಷ್ಟು ಸುಲಭ ಅಲ್ಲವ್ವ."

ಸಿಕ್ಕ ಆಟೋದಲ್ಲಿ ಚಳ್ಳಕೆರೆಗೆ ಬಂದು ಮೂರೂ ಹತ್ತರ ಬಸ್ಸು ಹಿಡಿದೆವು. ಅವ್ವ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಸೀಟು ಸಿಕ್ಕರೆ ಹಾಸ್ಟೆಲಿಗೆ ಏನೇನು ಕೊಳ್ಳಬೇಕೆಂದು ಲೆಕ್ಕ ಹಾಕತೊಡಗಿದಳು. ಹಿಂದೆ ತಿರುಗಿ ನೋಡಿದೆ. ಸಂಸ್ಥೆಯ ದಿಕ್ಕಿನಲ್ಲಿ ಧೂಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಪೆನ್ನು ತೆಗೆದು, ಬಸ್ಸಿನ ಕುಲುಕಾಟದಲ್ಲೇ, ನಿಂತಿದ್ದ ಎರಡನೇ ದಾರಿಯನ್ನು ಮತ್ತೆ ಮೊದಲಿನಿಂದ ಬರೆಯಲು ಶುರುಮಾಡಿದೆ. ಸೀಟಿನ ಸುದ್ದಿಗೆ ಹದಿನೈದು ದಿನವಿದೆ. ಆ ಹಲಗೆಯ ಮುಂದೆ ನಿಂತ ಇಬ್ಬರಿಗೆ ಈ ದಾರಿ ಮುಗಿಸಲು ಎಷ್ಟು ಹೊತ್ತು ಸಾಕೋ ನನಗೆ ತಿಳಿಯದು.