ನೀರಿಳಿದ ಊರಿನ ಕಪ್ಪೆಚಿಪ್ಪು

ಮೇ ತಿಂಗಳ ಒಂದು ಬೆಳಿಗ್ಗೆ ನಾನೂ ನನ್ನ ಮಗಳು ವೀಣಾಳೂ ನಾಸಿಕದ ಸ್ಟ್ಯಾಂಡಿನಲ್ಲಿ ಔರಂಗಾಬಾದಿನ ಕೆಂಪು ಎಸ್.ಟಿ. ಬಸ್ಸು ಹತ್ತಿದೆವು. ಉಳಿದವರು ಗಂಟುಮೂಟೆ ಹೊತ್ತು ಹತ್ತಿದರೆ ನಮ್ಮ ಕೈಯಲ್ಲಿ ಎರಡು ಪ್ಲಾಸ್ಟಿಕ್ ಬಕೆಟ್ಟು, ಒಂದು ಜರಡಿ. ಕಂಡಕ್ಟರ್ ಬಕೆಟ್ಟಿನೊಳಗೆ ಇಣುಕಿ, ಖಾಲಿ ಇದ್ದದ್ದು ಕಂಡು ಇನ್ನಷ್ಟು ಅನುಮಾನಪಟ್ಟ.

ನಾನು ಬೀದರ ಜಿಲ್ಲೆಯಿಂದ ವರ್ಗವಾಗಿ ಬಂದು ನಾಸಿಕದಲ್ಲೇ ತಳವೂರಿದ ಬ್ಯಾಂಕಿನವನು. ವೀಣಾ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಳು. ಪ್ರಾಣಿಶಾಸ್ತ್ರದಲ್ಲಿ ಮುಂದಿರುವ ಒಬ್ಬಿಬ್ಬರಿಗೆ ಮಾತ್ರ ಅವರ ಕಾಲೇಜು ಸ್ವಂತ ಸಂಶೋಧನೆ ಮಾಡಲು ಬಿಡುತ್ತಿತ್ತು. ಇವಳು ಆರಿಸಿಕೊಂಡದ್ದು ಕಪ್ಪೆಚಿಪ್ಪು. ಪೈಠಣದ ಅಣೆಕಟ್ಟಿನ ಹೊಸ ನೀರಿನಲ್ಲಿ ಅವು ವರ್ಷ ವರ್ಷ ಹೇಗೆ ಬೆಳೆದವು ಎಂದು ನೋಡಬೇಕಿತ್ತು. ಚಿಪ್ಪಿನ ಬೆನ್ನ ಮೇಲೆ ವರ್ಷಕ್ಕೊಂದು ಗೆರೆ ಕೂಡುತ್ತದಂತೆ. ಎಳೆಯವು ಎಲ್ಲಾದರೂ ಸಿಕ್ಕಾವು. ನೀರು ನಿಂತ ಮೊದಲ ವರ್ಷದ್ದೊಂದು ಮುದಿ ಚಿಪ್ಪು ಸಿಗದಿದ್ದರೆ ವಿಷಯವನ್ನೇ ಬಿಡು ಎಂದಿದ್ದರು ಅವಳ ಪ್ರಾಧ್ಯಾಪಕರು. ಕಂಡೆ, ಎಣಿಸಿದೆ ಎಂದರೆ ನಡೆಯದು, ಚಿಪ್ಪು ಮೇಜಿನ ಮೇಲೆ ಬರಬೇಕು. ಅಣೆಕಟ್ಟಿನಲ್ಲಿ ಮುಳುಗಿದ ಊರೊಂದು ಬೇಸಿಗೆಗೆ ಮೇಲೆದ್ದಿತ್ತು, ಹುಡುಕಬೇಕಾದದ್ದು ಅಲ್ಲಿ; ಮಳೆ ಹಿಡಿದು ನೀರೇರಿದರೆ ಎಲ್ಲ ಮುಗಿದಂತೆಯೇ. ಹುಡುಗಿಯೊಬ್ಬಳನ್ನೇ ಕಳಿಸಲು ಅವಳ ತಾಯಿ ಒಪ್ಪಲಿಲ್ಲ. ಹೀಗೆ ಬಕೆಟ್ಟು ಹೊರುವ ಕೆಲಸ ನನಗೆ ಬಂತು.

ಯೇವಲಾದಲ್ಲಿ ಚಹಾ, ಭಜಿ. ವೈಜಾಪುರ ದಾಟಿದ ಮೇಲೆ ಕಿಟಕಿಯ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಇನ್ನೂರು ಕಿಲೋಮೀಟರು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಔರಂಗಾಬಾದಿನ ಚಿಕಲಠಾಣಾ ಶಾಖೆಯಲ್ಲಿದ್ದ ನನ್ನ ಹಳೆಯ ಸಹೋದ್ಯೋಗಿ, ಭಾಲ್ಕಿಯ ಬಿರಾದಾರ, ತನ್ನ ಮನೆಗೆ ಕರೆದೊಯ್ದ. ಅವನ ಹೆಂಡತಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಬಡಿಸಿದರು.

ನಾವು ಹೋಗಬೇಕಾದ ಜಾಗ ಕೇಳಿ ಬಿರಾದಾರನ ಮುಖ ಸಣ್ಣದಾಯಿತು. “ಮುಳುಗಿದ ಊರೇನ್ರಿ? ಬ್ಯಾಸಿಗ್ಯಾಗ ನೀರಿಳದ್ರ ಆ ಊರಿನ ಹೆಣ್ಮಕ್ಕಳು ತಮ್ಮ ತಮ್ಮ ಮನಿ ಜಾಗಕ್ಕ ನೈವೇದ್ಯ ತಗೊಂಡು ಬರ್ತಾರ. ಅವ್ರು ಅಲ್ಲಿ ಹೆಂಗ ಅಡ್ಡಾಡ್ತಾರ ನೋಡ್ರಿ. ನಾ ಒಂದ್ ಸಲ ನೋಡೀನಿ, ಸಾಕಾಗ್ಯದ.”

“ದೆವ್ವ ಅದಾವೇನು?” ಎಂದು ನಾನು ಚೇಷ್ಟೆ ಮಾಡಿದೆ.

“ದೆವ್ವ ಇದ್ದಿದ್ರ ಛಲೋ ಇತ್ತು,” ಎಂದ ಅವನು, ನಗದೆ.

ಮರುದಿನ ಮೊದಲ ಬಸ್ಸಿಗೆ ಪೈಠಣ. ಅಲ್ಲಿಂದ ಒಂದು ಜೀಪು, ಆಮೇಲೆ ಮೀನುಗಾರನೊಬ್ಬನ ದೋಣಿ. ಅವನು ಬೆರಳು ಮಾಡಿದ ಕಡೆ ಊರಿನಂಥದ್ದೇನೂ ಕಾಣಲಿಲ್ಲ. ಬಿರುಕುಬಿಟ್ಟ ಕೆಸರಿನ ಬಯಲು, ಅದರಲ್ಲಿ ಮೊಣಕಾಲೆತ್ತರವೂ ಇರದ ಕಲ್ಲಿನ ಸಾಲುಗಳು. ಮಣ್ಣಿನ ಗೋಡೆಗಳನ್ನು ನೀರು ಕರಗಿಸಿ ತಳಪಾಯ ಉಳಿಸಿತ್ತು. ಹಕ್ಕಿಯಿಲ್ಲ, ನಾಯಿಯಿಲ್ಲ. ಗಾಳಿ ಕೂಡ ನೀರಿನ ಮೇಲೆಯೇ ನಿಂತುಬಿಟ್ಟಿತ್ತು.

ಬುಟ್ಟಿ ಹೊತ್ತ ಕೆಲವು ಹೆಂಗಸರು ನಮಗಿಂತ ಮುಂಚೆ ಬಂದಿಳಿದಿದ್ದರು. ಅವರು ನೇರ ನಡೆಯಲಿಲ್ಲ. ಬಟಾಬಯಲಿನಲ್ಲಿ ಸ್ವಲ್ಪ ಹೋಗಿ ಎಡಕ್ಕೆ ಹೊರಳಿದರು, ಮತ್ತೆ ಬಲಕ್ಕೆ. ಒಂದೆಡೆ ಎಲ್ಲರೂ ಮೈ ಓರೆ ಮಾಡಿ ಒಬ್ಬರ ಹಿಂದೊಬ್ಬರು ದಾಟಿದರು. ಅಲ್ಲಿ ಓಣಿ ಇಕ್ಕಟ್ಟಾಗಿತ್ತಂತೆ. ತಮ್ಮ ತಮ್ಮ ಮನೆ ಸೇರಿದ ಮೇಲೆ, ಒಂದು ಮಾರು ದೂರದಲ್ಲಿ ಕೂತ ಇಬ್ಬರು ಒಬ್ಬರಿಗೊಬ್ಬರು ಕೂಗಿ ಕೂಗಿ ಮಾತಾಡುತ್ತಿದ್ದರು. ಯಾಕಿಷ್ಟು ಕೂಗುತ್ತಾರೆಂದು ದೋಣಿಯವನನ್ನು ಕೇಳಿದೆ. ನಡುವೆ ಗೋಡೆ ಇತ್ತಲ್ಲ ಎಂದ. 

ವೀಣಾಳ ಕಣ್ಣು ಬೇರೆಡೆ ಇತ್ತು. ಒಂದು ಮನೆಯ ಒಳಕೋಣೆಯ ತಗ್ಗಿನಲ್ಲಿ ಅಂಗೈ ಆಳದ ನೀರು ಉಳಿದಿತ್ತು. ಅವಳು ಕಲ್ಲಿನ ಸಾಲು ದಾಟಿ ಕಾಲಿಟ್ಟಳು, ಹಿಂದೆಯೇ ನಾನು. “ಅಯ್ಯೋ!” ಎಂದು ಮುದುಕಿಯೊಬ್ಬಳು ಚೀರಿದಳು. ಅದು ಅವಳ ಮನೆ. ಗಯಾಬಾಯಿ ಎಂದು ಅವಳ ಹೆಸರು. ಅವಳು ಆಡಿದ್ದು ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಗ್ವಾಡಿ ಹಾಯ್ದು ಬರೂದು ಕಳ್ಳರು. ಹೊರಗ ಹೋಗ್ರಿ. ಬಾಗಲದಾಗಿಂದ ಬರ್ರಿ.”

ಬ್ಯಾಂಕಿನಲ್ಲಿ ಹತ್ತಾರು ಜನರ ಮೇಲೆ ಗದರುವ ನಾನು ತೆಪ್ಪಗೆ ಹೊರಗೆ ಹೋದೆ. ಸುತ್ತಿ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಕಲ್ಲು ತುಳಿಯದಂತೆ ದಾಟಿದೆವು. ದಾಟುವಾಗ ನಾನು ತಲೆ ಬಗ್ಗಿಸಿದೆ. ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ನೆಲದಿಂದ ಸದ್ದು ಬಂತು. ಟಿಕ್. ಆಚೆ ಮೂಲೆಯಲ್ಲಿ ಇನ್ನೊಂದು. ಆಮೇಲೆ ಕೋಣೆಯ ತುಂಬ ಅದೇ ಸದ್ದು. ನಾನು ಹೆದರಿ ನಿಂತುಬಿಟ್ಟೆ.

“ಚಿಪ್ಪು ಅಪ್ಪಾ,” ಎಂದಳು ವೀಣಾ, ತನ್ನ ಮರಾಠಿ ಬೆರೆತ ಕನ್ನಡದಲ್ಲಿ, ಸಣ್ಣ ದನಿಯಲ್ಲಿ. “ನಾವು ಬಂದ್ವಿ ನಾ, ಬಾಯಿ ಬಂದ್ ಮಾಡ್ಕೊಂತಾವ.”

ಇವನ್ನೇನು ಮಾಡುತ್ತೀ ಎಂದು ಗಯಾಬಾಯಿ ಕೇಳಿದಳು. ವೀಣಾ ಸುಳ್ಳು ಹೇಳಲಿಲ್ಲ. ಒಯ್ದು ಕೊಯ್ಯುತ್ತೇನೆ, ಗೆರೆ ನೋಡಿ ವಯಸ್ಸು ತಿಳಿಯುತ್ತೇನೆ ಎಂದಳು. ಮುದುಕಿ ನೈವೇದ್ಯದ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು.

“ವಯಸ್ಸು ತಿಳೀತದ? ಹಂಗಾದ್ರ ಒಂದು ಹೇಳವ್ವಾ. ನಾವು ಬಿಟ್ಟು ಹೋದ ಮ್ಯಾಲೆ ಈ ಮನಿ ಎಷ್ಟ್ ವರ್ಷ ಖಾಲಿ ಇತ್ತು?”

ವೀಣಾ ಮಂಡಿಯೂರಿ ಕೆಸರಿನಲ್ಲಿ ಕೈಯಾಡಿಸತೊಡಗಿದಳು. ಒಲೆಯಿದ್ದ ಕಲ್ಲಿನ ಬುಡದಲ್ಲಿ ಕೈ ನಿಂತಿತು. ಹೊರಬಂದದ್ದು ಅವಳ ಅಂಗೈಯನ್ನು ಮೀರಿದ ಚಿಪ್ಪು, ಕರ್ರಗೆ, ಬೆನ್ನು ಸವೆದದ್ದು. ತೊಳೆದು, ಮಸೂರ ಹಿಡಿದು, ಉಗುರಿನಿಂದ ಗೆರೆ ಗೆರೆ ಮುಟ್ಟಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮೂರನೆಯ ಸಲ ಎಣಿಸಿ ಮಸೂರ ಕೆಳಗಿಟ್ಟಳು.

“ಖಾಲಿ ಇರ್ಲಿಲ್ಲ ಅಜ್ಜಿ,” ಎಂದಳು ಮರಾಠಿಯಲ್ಲಿ. “ನೀರು ಬಂದ ವರ್ಷಾನೇ ಇದು ಬಂದದ.”

ಇವಳಿಗೆ ಬೇಕಾದದ್ದು ಸಿಕ್ಕಿತು. ನನಗೆ ಕುಣಿಯುವಷ್ಟು ಖುಷಿಯಾಯಿತು, ಬಕೆಟ್ಟು ಮುಂದೆ ಚಾಚಿದೆ. ಆದರೆ ಗಯಾಬಾಯಿ ಆ ಚಿಪ್ಪನ್ನೇ ನೋಡುತ್ತ ಸೆರಗು ತಲೆಯ ಮೇಲೆಳೆದುಕೊಂಡಿದ್ದಳು, ಹಿರಿಯರ ಎದುರು ಎಳೆದುಕೊಳ್ಳುವ ಹಾಗೆ. ಬುಟ್ಟಿಯಿಂದ ಹೋಳಿಗೆಯ ಚೂರು ಮುರಿದು ಒಲೆಯ ಕಲ್ಲಿನ ಮೇಲಿಟ್ಟಳು. ಒಯ್ಯಬೇಡ ಎನ್ನಲಿಲ್ಲ. 

“ಹಾಕು ಬಕೆಟ್ಟಿಗೆ,” ಎಂದೆ ಕನ್ನಡದಲ್ಲಿ, ಪಿಸುಗುಟ್ಟಿ.

ವೀಣಾ ನನ್ನತ್ತ ನೋಡಿದಳು. “ಅಪ್ಪಾ, ಇದು ಇಲ್ಲೇ ಇರ್ಲಿ ನಾ.”

“ನಿಮ್ಮ ಸರ್ ಒಪ್ತಾರ?”

“ಇಲ್ಲ.” ಅವಳ ಕಣ್ಣು ತುಂಬಿತ್ತು. ಚಿಪ್ಪನ್ನು ಅದೇ ಕಲ್ಲಿನ ಬುಡಕ್ಕೆ, ಅದೇ ಓರೆಯಲ್ಲಿ ಊರಿ ಕೆಸರು ಮುಚ್ಚಿದಳು. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನ ಹಿಂದೆಯೇ ಅವಳ ಮೇಲೆ ಎಂದೂ ಬಾರದಷ್ಟು ಪ್ರೀತಿಯೂ ಬಂತು. ಗಯಾಬಾಯಿ ತಾನೇ ಬಗ್ಗಿ ಎಳೆಯ ಚಿಪ್ಪುಗಳನ್ನು ಆರಿಸಿ ನಮ್ಮ ಬಕೆಟ್ಟು ತುಂಬಿದಳು. ಅವು ಎಷ್ಟಿದ್ದರೂ ಆ ಒಂದಕ್ಕೆ ಸಮವಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು.

ಹೊತ್ತು ಇಳಿಯುವ ಮುನ್ನ ದೋಣಿಗಳು ಹೊರಟವು. ನಮ್ಮದು ಮೊದಲು ದಡ ಬಿಟ್ಟಿತು. ಹಿಂದೆ ಹೆಂಗಸರು ಒಬ್ಬೊಬ್ಬರೇ ಹೊಸ್ತಿಲಾಚೆ ಬಂದು, ಬರಿಗಾಳಿಯಲ್ಲಿ ಎರಡು ಕೈ ಚಾಚಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಚಿಲಕ ಹಾಕಿದರು, ಬೀಗ ಜಗ್ಗಿ ನೋಡಿದರು. ಗಯಾಬಾಯಿಯೂ ಬಾಗಿಲೆಳೆದಳು. ಆಮೇಲೆ ಕೈ ಕೆಳಗಿಳಿಸಿ ಹಾಗೇ ನಡೆದುಬಂದಳು.

“ಕೀಲಿ ಹಾಕಲಿಲ್ಲ?” ಎಂದು ಪಕ್ಕದ ಮನೆಯಾಕೆ ಕೂಗಿದ್ದು ನೀರಿನ ಮೇಲೆ ನಮಗೂ ಕೇಳಿಸಿತು.

“ಹೆಂಗ ಹಾಕ್ಲಿ?” ಎಂದಳು ಗಯಾಬಾಯಿ. “ಒಳಗ ಮಂದಿ ಅದಾರ.”