ಬಜೆ ಹುಲಿಗವ್ವ ಕೊಪ್ಪಳಕ್ಕೆ ಹೋದ ದಿನ

ಬೇವೂರಿನಲ್ಲಿ ಹುಲಿಗವ್ವನ ಕೈಯಿಂದ ನಾಲಿಗೆಗೆ ಬಜೆ ಹಚ್ಚಿಸಿಕೊಳ್ಳದೆ ಬೆಳೆದವರು ಕಡಿಮೆ. ನಾನೂ ಹಚ್ಚಿಸಿಕೊಂಡವನೇ. ನನ್ನ ಬಾಯಿ ಇಷ್ಟು ಜೋರಾಗಿರುವುದಕ್ಕೆ ನಮ್ಮ ಮನೆಯವರು ಇಂದಿಗೂ ಅವಳನ್ನೇ ದೂರುತ್ತಾರೆ. ಮಾತು ತಡವಾದ ಕೂಸನ್ನು ಭಾನುವಾರ ಬೆಳಿಗ್ಗೆ ಅವಳ ಕಟ್ಟೆಗೆ ಒಯ್ಯುವುದು ಊರಿನ ರೂಢಿ. ಕಲ್ಲಿನ ಮೇಲೆ ಬಜೆಬೇರು ತೇದು, ಜೇನು ಬೆರೆಸಿ, ಬೆರಳ ತುದಿಯಿಂದ ಹಚ್ಚುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ಆದರೆ ಆ ಕೂಸು ಮಾತಾಡಿತೆಂದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹೋದ ವರ್ಷ, ಅವಳ ಬಜೆ ಹಚ್ಚಿಸಿಕೊಂಡಿದ್ದ ನಮ್ಮೂರ ದ್ರಾಕ್ಷಾಯಿಣಿಯ ಮಗ ಮಾತಾಡತೊಡಗಿದಾಗಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ.

ಅಷ್ಟರಲ್ಲಿ ಅವಳ ಸ್ವಂತ ಮೊಮ್ಮಗಳು ಅಂಜಲಿಗೆ ಎರಡೂವರೆ ತುಂಬಿತ್ತು. ಒಂದೂ ಮಾತಿಲ್ಲ. ಬೇಕಾದ್ದನ್ನು ಕೈಮಾಡಿ ತೋರಿಸುವುದು, ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುವುದು. ಕೊಪ್ಪಳದ ದವಾಖಾನೆಗೆ ತೋರಿಸೋಣ ಎಂದಳು ಸೊಸೆ ಗೀತಾ.

“ದ್ರಾಕ್ಷಾಯಿಣಿ ಮಗಾ ಮಾತಾಡಲಿಲ್ಲೇನು? ನನ್ನ ಬಜಿಗೆ ತುಸು ಟೈಮ್ ಬೇಕಾಗತೈತಿ. ಸುಮ್ನಿರು” ಎಂದಳು ಅತ್ತೆ.

ಗೀತಾ ಸುಮ್ಮನಿದ್ದಳು. ಕೂಸಿಗೆ ಮೂರೂವರೆ ಆದಾಗ ಸುಮ್ಮನಿರಲಿಲ್ಲ. ಒಂದು ಬುಧವಾರ ಮಗಳನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಹುಲಿಗವ್ವನ ಮೊಮ್ಮಗಳಿಗೇ ಅವಳ ಬಜೆ ಹತ್ತಲಿಲ್ಲ ಎಂದು ಊರು ಆಡಿಕೊಳ್ಳುತ್ತದೆಂಬ ಹೆದರಿಕೆ ಮುದುಕಿಗೆ. ಆದರೂ ಮನೆಯಲ್ಲಿ ನಿಲ್ಲಲಾಗದೆ, ತಲೆತುಂಬ ಸೆರಗು ಹೊದ್ದು, ಬಸ್ಸಿನ ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಅವಳೂ ಹೋದಳು.

ಮಾತು ಕಲಿಸುವ ಕೋಣೆಯ ಮುಂದಿನ ಬೆಂಚಿನ ಮೇಲೆ ದ್ರಾಕ್ಷಾಯಿಣಿ ಕುಳಿತಿದ್ದಳು, ಪಕ್ಕದಲ್ಲಿ ಅವಳ ಮಗ. “ಬಜಿ ಅಜ್ಜಿ ಬಂದಾಳ” ಎಂದ ಹುಡುಗ. ತಾಯಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

“ಯಾವಾಗಿಂದ ಬರಾಕತ್ತೀ?” ಎಂದಳು ಹುಲಿಗವ್ವ.

“ಎರಡು ವರ್ಷ ಆತ್ರಿ ಅಜ್ಜಿ. ಇವ ಇಲ್ಲೇ ಮಾತು ಕಲ್ತಾನ್ರಿ. ಇನ್ನಾ ಕೆಲವು ಅಕ್ಷರ ತಿರುಗಂಗಿಲ್ಲ, ಅದಕ್ಕ ಬರ್ತೀವಿ. ನಿಮಗ ಬ್ಯಾಸರ ಆದೀತಂತ ಹೇಳಲಿಲ್ರಿ. ನಮ್ಮೂರವರು ಇನ್ನೂ ಮಂದಿ ಬರ್ತಾರ್ರಿ, ಯಾರೂ ಹೇಳಂಗಿಲ್ಲ.”

ಮುದುಕಿ ಸೊಸೆಯ ಹಿಂದೆ ಕೋಣೆಯೊಳಗೆ ಹೋದಳು. ಅಲ್ಲಿ ಮಾತು ಕಲಿಸುವ ಉಜ್ಮಾ ಮೇಡಂ ಅಂಜಲಿಯ ಕಿವಿ ಪರೀಕ್ಷೆ ಮಾಡಿಸಿ, ಆಟಕ್ಕೆ ಹಚ್ಚಿ ಬಹಳ ಹೊತ್ತು ನೋಡಿದರು.

“ಕಿವಿ ಛಲೋ ಅದಾವ್ರಿ. ಕಲೀತಾಳ. ವಾರಾ ವಾರಾ ಕರಕೊಂಡು ಬರ್ರಿ. ಕೈ ಮಾಡಿದ ಕೂಡಲೇ ಕೊಡಬ್ಯಾಡ್ರಿ, ಹೆಸರು ಹೇಳಿ ತುಸು ಕಾಯ್ರಿ. ಹೋದ ವರ್ಷ ಬಂದಿದ್ರ ಹಗುರ ಆಗತಿತ್ತು” ಎಂದರು.

ಹೊರಗೆ ಬಂದ ಹುಲಿಗವ್ವ ದ್ರಾಕ್ಷಾಯಿಣಿಯ ಮುಂದೆ ನಿಂತಳು. “ನನ್ನ ಮನಸ್ಸು ನೋಯಬಾರದಂತ ಮುಚ್ಚಿಟ್ಟಿ. ನಿನ್ನ ಮಗನ್ನ ನೋಡೇ ನಾ ಈಕೀನ್ನ ಮನ್ಯಾಗ ಇಟಗೊಂಡು ಕುಂತೆ” ಎಂದಳು. ಸಿಟ್ಟಿಗಿಂತ ಅಳುವೇ ಹೆಚ್ಚಿತ್ತಂತೆ ಆ ದನಿಯಲ್ಲಿ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಬೈಯಲು ಮಾತ್ರ ಮನಸ್ಸಾಗುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ನಾನೂ ಇದ್ದೆ. ಬಸ್ಸಿನ ತುಂಬ ನಮ್ಮೂರಿನವರೇ. “ಸಂತಿಗೆ ಹೋಗಿದ್ರೇನ್ರಿ?” ಎಂದು ಮುದಿಯಪ್ಪ ಕೇಳಿದ. ಗೀತಾ ಹೂಂ ಎನ್ನುವಷ್ಟರಲ್ಲಿ ಮುದುಕಿ ಕಂಬಿ ಹಿಡಿದು ಎದ್ದು ನಿಂತಳು.

“ಮೊಮ್ಮಗಳಿಗೆ ಮಾತು ಕಲಸಾಕ ದವಾಖಾನಿಗೆ ಹೋಗಿದ್ದೆ. ನನ್ನ ಬಜಿಯಿಂದ ಆಗಲಿಲ್ಲ. ಯಾರ ಮನ್ಯಾಗ ಕೂಸು ಮಾತಾಡವಲ್ದು, ಅವರು ನಾಳೆನ ಬಸ್ ಹತ್ರಿ. ನನ್ನ ಕಟ್ಟಿಗೆ ಬಂದ್ರ ಹೊಳ್ಳಿ ಕಳಸ್ತೀನಿ.”

ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬಳು, ಮಡಿಲ ಕೂಸನ್ನು ಸರಿಮಾಡಿಕೊಳ್ಳುತ್ತ, ಯಾವ ವಾರ ಹೋಗಬೇಕೆಂದು ಮೆಲ್ಲಗೆ ಕೇಳಿದಳು.

“ಮೆಲ್ಲಕ ಯಾಕ ಕೇಳ್ತೀ?” ಎಂದಳು ಹುಲಿಗವ್ವ. “ಎಲ್ಲಾರಿಗೂ ಕೇಳಂಗ ಕೇಳು.”